ದೋಣಿ ನಮ್ಮದು, ಹೆಸರು ಬೇರೆಯವರದು

ಹೋದ ವರ್ಷ ಯುಗಾದಿ ಕಳೆದ ಮೇಲಿನ ಭಾನುವಾರ. ಚಾಮರಾಜಪೇಟೆಯ ನಮ್ಮ ಮನೆಯ ತಾರಸಿಯಲ್ಲಿ ನಾನು ಸಂಡಿಗೆ ಇಡುತ್ತಿದ್ದೆ. ನಮ್ಮ ಯಜಮಾನರು ಹಿಂದಿನ ದಿನವೇ ಬಸ್ಸು ಹಿಡಿದು ಉತ್ತರ ಕನ್ನಡಕ್ಕೆ ಹೋಗಿದ್ದರು.

ಚಿಕ್ಕಪೇಟೆಯ ಓಣಿಯಲ್ಲಿ ಅವರದು ಮೋಟಾರ್ ರಿಪೇರಿ ಅಂಗಡಿ. ಸ್ವಂತಕ್ಕೊಂದು ಮೋಟಾರ್ ದೋಣಿ ಇರಬೇಕೆಂಬ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಆಗಷ್ಟೇ ಮಲ್ಲೇಶ್ವರದ ವೆಂಕಟೇಶಯ್ಯ ಎಂಬ ನಿವೃತ್ತ ಎಂಜಿನಿಯರರಿಂದ ಹಳೆಯದೊಂದನ್ನು ಕೊಂಡಿದ್ದರು. ದೋಣಿ ಇದ್ದದ್ದು ಉತ್ತರ ಕನ್ನಡದಲ್ಲೇ, ಹೊಳೆ ಸಮುದ್ರ ಸೇರುವ ಕಡೆಯ ಒಂದು ಊರಿನಲ್ಲಿ.

"ಮೊದಲು ಬಂದರು ಕಚೇರಿಗೆ ಹೋಗಿ ನೋಂದಣಿ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಆಮೇಲೆ ನೀರಿಗಿಳಿಸಿ ಅಂದ್ರು ಅವ್ರು" ಎಂದು ನಮ್ಮ ಯಜಮಾನರೇ ಬಂದು ಹೇಳಿದ್ದರು.

"ಮಾಡಿಸಿದ್ರಾ?" ಎಂದೆ.

"ನಂಬರ್ ಹೆಂಗೂ ಇದೆಯಲ್ಲ. ಒಂದ್ಸಲ ಓಡಿಸಿ ನೋಡ್ತೀನಿ, ಹೆಸರು ಆಮೇಲೆ ಬದಲಾಯಿಸಿದ್ರಾಯ್ತು."

ನನಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಕೆಳಗೆ ಗೇಟಿನ ಸದ್ದಾಯಿತು. ಇಳಿದು ಬಂದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಆಟೋದಿಂದ ಇಳಿದು ಏದುಸಿರು ಬಿಡುತ್ತ ನಿಂತಿದ್ದರು.

"ದೋಣಿ ತಗೊಂಡ ಮೋಟಾರ್ ರಿಪೇರಿಯವರ ಮನೆ ಇದೇನಾಮ್ಮ? ನಾನು ವೆಂಕಟೇಶಯ್ಯ. ನಾಲ್ಕು ಬೀದಿ ವಿಚಾರಿಸ್ಕೊಂಡು ಬಂದೆ. ಗಾಬರಿ ಆಗ್ಬೇಡಿ. ನಿಮ್ಮ ಯಜಮಾನ್ರು ಬೆಳಿಗ್ಗೆಯಿಂದ ಫೋನ್ ಮಾಡಿದಾರಾ?"

ಗೇಟು ತೆಗೆದು ಅವರನ್ನು ಒಳಗೆ ಕರೆದೆ. ಇಲ್ಲವೆಂದೆ. ಅವರು ಜಗಲಿಯ ಮೇಲೆ ಕೂತು ನಿಧಾನವಾಗಿ ಹೇಳಿದರು. ದೋಣಿ ಖಾಲಿಯಾಗಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ತೇಲುತ್ತಿತ್ತಂತೆ. ಪೊಲೀಸರು ಅದರ ಮೇಲಿನ ನಂಬರ್ ನೋಡಿ, ದಾಖಲೆಯಲ್ಲಿದ್ದ ಮಾಲೀಕರಿಗೆ, ಅಂದರೆ ವೆಂಕಟೇಶಯ್ಯನವರಿಗೇ, ಫೋನ್ ಮಾಡಿದ್ದರು.

"ನಾನು ಹಲೋ ಅಂದ ತಕ್ಷಣ ಅವ್ರಿಗೆ ಸಮಾಧಾನ ಆಯ್ತಮ್ಮ. ಮಾಲೀಕರು ಬೆಂಗಳೂರಲ್ಲೇ ಕ್ಷೇಮವಾಗಿದಾರೆ, ಹಗ್ಗ ಬಿಚ್ಕೊಂಡು ದೋಣಿ ತೇಲಿ ಬಂದಿದೆ ಅಂದ್ಕೊಂಡ್ರು. ಇಲ್ಲ ಸ್ವಾಮಿ, ಮಾರಿದೀನಿ, ಕೊಂಡವರು ನೀರಲ್ಲಿರಬಹುದು, ಹುಡುಕಿ ಅಂದೆ. ಯಾರ್ಯಾರು, ಎಷ್ಟು ಜನ ಹೋಗಿದಾರೆ ಅಂತ ಕೇಳಿದ್ರು. ನಂಗೇನು ಗೊತ್ತು? ನಿಮ್ಮ ಯಜಮಾನ್ರ ಫೋನ್ ಸ್ವಿಚ್ ಆಫ್. ಅದಕ್ಕೇ ಓಡಿ ಬಂದೆ."

ತಮ್ಮ ಫೋನಿನಿಂದಲೇ ಆ ಠಾಣೆಗೆ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಆ ಕಡೆಯವರು ಒಂದೊಂದೇ ಕೇಳುತ್ತ ಹೋದರು. ಒಬ್ಬರೇ ಹೋಗಿದ್ದಾರಾ? ಹೌದು. ಯಾವ ಬಣ್ಣದ ಅಂಗಿ? ಬ್ಯಾಗಿಗೆ ತುಂಬಿದವಳು ನಾನೇ, ಆದರೂ ನೆನಪಾಗಲಿಲ್ಲ. ಕೊನೆಗೆ ನೀಲಿ ಇರಬೇಕು ಎಂದೆ. ಲೈಫ್ ಜಾಕೆಟ್ ಇತ್ತಾ? ಗೊತ್ತಿಲ್ಲ. ಈಜು ಬರುತ್ತಾ?

"ಬರಲ್ಲ" ಎಂದೆ.

"ಮೀನುಗಾರರ ದೋಣಿಗಳನ್ನೂ ಕರೆಸ್ತೀವಮ್ಮ, ಫೋನ್ ಹತ್ರನೇ ಇರಿ" ಎಂದು ಇಟ್ಟರು.

ಒಳಗೆ ಅತ್ತೆ ಮಲಗಿದ್ದರು. ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ವೆಂಕಟೇಶಯ್ಯನವರಿಗೆ ಕಾಫಿ ಮಾಡಿಕೊಟ್ಟೆ, ಸಕ್ಕರೆ ಹಾಕಿದೆನೋ ಇಲ್ಲವೋ ತಿಳಿಯದು. ಅವರೂ ಕುಡಿಯಲಿಲ್ಲ. ಇಬ್ಬರ ನಡುವೆ ಫೋನ್ ಇಟ್ಟುಕೊಂಡು ಕೂತೆವು. ಒಮ್ಮೆ ಅದು ಬಡಿದುಕೊಂಡಿತು. ಯಾವುದೋ ಸಾಲ ಬೇಕಾ ಎಂದು ಕೇಳುವ ಹುಡುಗಿ. ಅವರು ಏನೂ ಬಯ್ಯದೆ ಕಟ್ ಮಾಡಿದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಇಷ್ಟೆಲ್ಲ ಎಂದಿನಂತೆಯೇ ನಡೆಯುತ್ತಿದೆಯಲ್ಲ ಎಂದು ನನಗೆ ವಿನಾಕಾರಣ ಸಿಟ್ಟು ಬಂತು.

"ನೀವು ಮನೆಗೆ ಹೋಗಿ ಸರ್, ಸುದ್ದಿ ಬಂದ್ರೆ ತಿಳಿಸ್ತೀನಿ" ಎಂದೆ.

"ಅವ್ರ ಹತ್ರ ಇರೋದು ನನ್ನ ನಂಬರಮ್ಮ. ಎಲ್ಲಿಗೆ ಹೋಗ್ಲಿ?" ಎಂದರು.

ಮತ್ತೆ ಫೋನ್ ಬಂದಾಗ ಅದನ್ನು ಎತ್ತಿದವರು ಅವರೇ. ಕೇಳಿಸಿಕೊಳ್ಳುತ್ತ ಅವರ ಮುಖ ಸಡಿಲವಾಯಿತು. ಫೋನನ್ನು ನನಗೆ ಚಾಚಿದರು.

"ನಾನೇ ಕಣೆ" ಎಂದರು ಆ ಕಡೆಯಿಂದ ನಮ್ಮ ಯಜಮಾನರು. ಹಲ್ಲು ಕಟಕಟ ಅನ್ನುತ್ತಿತ್ತು.

ಎಂಜಿನ್ನಿಗೆ ಬಲೆಯ ಚೂರು ಸುತ್ತಿಕೊಂಡಿತೆಂದು ಇವರು ಮರಳುದಿಣ್ಣೆಯೊಂದರ ಮೇಲೆ ಇಳಿದು ಬಿಡಿಸುತ್ತಿದ್ದರಂತೆ. ನೀರಿನ ಸೆಳೆತಕ್ಕೆ ದೋಣಿ ಕೈತಪ್ಪಿತು. ಹಿಡಿಯಲು ಹೋಗಿ ಮುಗ್ಗರಿಸಿ ಫೋನೂ ನೆನೆಯಿತು. ದಿಣ್ಣೆಯ ಸುತ್ತ ಉಪ್ಪುನೀರಿನಲ್ಲಿ ದಟ್ಟವಾಗಿ ಬೆಳೆಯುವ ಕಾಂಡ್ಲಾ ಗಿಡಗಳು. ಎಷ್ಟು ಕೂಗಿದರೂ ಯಾರಿಗೂ ಕೇಳಿಸಲಿಲ್ಲ. ಸಮುದ್ರದ ಭರತ ಏರಿ ದಿಣ್ಣೆ ಮುಳುಗತೊಡಗಿತು. ಮೀನುಗಾರರ ದೋಣಿ ಮುಟ್ಟಿದಾಗ ನೀರು ಎದೆಯ ಮೇಲೆ ಬಂದಿತ್ತು.

ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಎದ್ದು ಬಂದ ಅತ್ತೆ, "ಯಾಕೆ, ಏನಾಯ್ತು? ಇವರ್ಯಾರು?" ಎಂದು ಕಂಗಾಲಾದರು. ವೆಂಕಟೇಶಯ್ಯನವರೇ ಅವರನ್ನು ಕೂರಿಸಿ ಸಮಾಧಾನ ಹೇಳಿದರು.

ಮುಂದಿನ ವಾರವೇ ಇವರು ವೆಂಕಟೇಶಯ್ಯನವರನ್ನು ಜೊತೆಗೆ ಕರೆದುಕೊಂಡು ಬಂದರಿನ ಕಚೇರಿಗೆ ಹೋದರು. ದೋಣಿಯ ತಪಾಸಣೆಯಾಯಿತು, ಮಾಲೀಕರ ಹೆಸರು, ವಿಳಾಸ ಬದಲಾಯಿತು. ಫೋನ್ ನಂಬರುಗಳಲ್ಲಿ ನನ್ನದನ್ನೂ ಸೇರಿಸಿದರು. ಲೈಫ್ ಜಾಕೆಟ್ ಇಲ್ಲದೆ ಈಗ ಇವರು ದೋಣಿ ಹತ್ತುವುದಿಲ್ಲ.

"ನಾನು ಮಾರಿ ಆಯ್ತು, ನನಗೆ ಸಂಬಂಧವಿಲ್ಲ" ಎಂದು ಆ ಹಿರಿಯರು ಫೋನ್ ಇಟ್ಟಿದ್ದರೆ ಯಾರೂ ಅವರದು ತಪ್ಪೆನ್ನುತ್ತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ, ಮನೆ ಗೊತ್ತಿಲ್ಲದವರನ್ನು ಹುಡುಕಿಕೊಂಡು ಹೊರಡುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೌದು ಎಂದು ಗಟ್ಟಿಯಾಗಿ ಹೇಳಲು ನನಗೆ ಇನ್ನೂ ಆಗಿಲ್ಲ.