ಕುಂಕುಮ ಹತ್ತಿದ ಸಿ.ಡಿ.

ವೈನಿ, ಆ ಹಾಡಿನ ಸಿ.ಡಿ. ಕೆಟ್ಟಿರಲಿಲ್ಲ. ನಿಮ್ಮಿಂದ ಅದಕ್ಕೆ ಏನೂ ಆಗಿರಲಿಲ್ಲ. ಕೆಟ್ಟಿದೆ ಎಂದವನು ನಾನು—ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ನಿಮ್ಮ ಅತ್ತೆ ನನಗೆ ಶಾಲೆಯಲ್ಲಿ ಹಾಡು ಕಲಿಸಿದ ಅಕ್ಕೋರು. ನಿವೃತ್ತಿಯಾದ ಮೇಲೆ ಯಲಬುರ್ಗಾದ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರ ಬಳಿ ಹಳೆಯದೊಂದು ಕಂಪ್ಯೂಟರ್ ಪ್ರೋಗ್ರಾಮು: ಪರದೆಯ ಮೇಲೆ ಸಾಲು ಕಾಣುತ್ತದೆ, ಸಿ.ಡಿ.ಯಿಂದ ಹಾಡು ಬರುತ್ತದೆ, ಮಕ್ಕಳು ಹಿಂದೆ ಹೇಳುತ್ತಾರೆ. ಅದನ್ನು ನಡೆಸುತ್ತಿದ್ದವರು ನೀವು. ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವರೂ ನೀವೇ. ಹೊಸ ಕಂಪ್ಯೂಟರಿನಲ್ಲಿ ಅದು ನಡೆಯಲಿಲ್ಲ. ನನ್ನ ಗೆಳೆಯ, ಅಂದರೆ ನಿಮ್ಮ ಗಂಡ, ಎಲ್ಲವನ್ನೂ ಕುಷ್ಟಗಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದುಕೊಟ್ಟ. ಹಳೆಯ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹೊಂದಿಸುವ ಸಾಫ್ಟ್‌ವೇರ್ ಒಂದನ್ನು ನಡುವೆ ಕೂಡಿಸಿದೆ—ಅಲ್ಲಿಂದ ಶುರುವಾಯಿತು ನೋಡಿ ನನ್ನ ಗೋಳು.

ನಾಲ್ಕನೆಯ ಹಾಡು ಒತ್ತಿದರೆ ಮೊದಲನೆಯದರ ನಡುವಿನಿಂದ ಶುರು. ಐದನೆಯದು ಒತ್ತಿದರೆ ಅದೇ ಹಾಡಿನ ಕೊನೆ. ನಿಲ್ಲು ಎಂದರೆ ನಿಲ್ಲದು! ತೆಗೆದೆ, ಹಾಕಿದೆ, ಬೈದೆ, ಅಂಗಡಿಗೆ ಬಂದವರ ಮೇಲೆಲ್ಲ ಹರಿಹಾಯ್ದೆ. ಬೇರೆ ಪ್ಲೇಯರಿನಲ್ಲಿ ಹಾಕಿದರೆ ಅದೇ ಸಿ.ಡಿ. ಸರಾಗವಾಗಿ ಹಾಡುತ್ತಿತ್ತು. ತಪ್ಪು ಸಿ.ಡಿ.ಯದಲ್ಲ ಎಂದು ಆಗಲೇ ಗೊತ್ತು. ಆದರೆ ಅಕ್ಕೋರ ಮುಂದೆ ನಿಂತು ‘ನನಗೆ ಬರುವುದಿಲ್ಲ’ ಎನ್ನುವುದು—ಆ ಒಂದು ಮಾತು ಬಾಯಿಂದ ಹೊರಡಲಿಲ್ಲ.

ಸಿ.ಡಿ.ಯ ಅಂಚಿನಲ್ಲಿ ಮಹಾನವಮಿಯ ಖಂಡೆಪೂಜೆಯ ದಿನ ನೀವು ಇಟ್ಟ ಕುಂಕುಮದ ಗುರುತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ನನಗೆ ಆ ಡೊಂಕು ನೆಲ ಸಿಕ್ಕಿತು. ಕಂಪ್ಯೂಟರನ್ನು ನಿಮ್ಮ ಮನೆಗೆ ತಂದಿಟ್ಟು ಹೇಳಿದೆ:

“ಕುಂಕುಮ ಹತ್ತಿ ಸಿ.ಡಿ. ಕೆಟ್ಟೈತ್ರಿ ಅಕ್ಕೋರ. ಅದಕ್ಕ ಹಾಡು ಜಿಗಿಯಾಕತ್ತೈತಿ.”

ಅವರು ನಿಮ್ಮತ್ತ ತಿರುಗಿದರು. “ನಿನ್ನ ಕೈ ಹತ್ತಿದ್ದು ಯಾವುದು ಉಳದೈತಿ? ಇನ್ಮ್ಯಾಲ ಈ ಖೋಲಿಗೆ ಬರಬ್ಯಾಡ.”

ನೀವು ಒಳಗೆ ಹೋದಿರಿ. ನಾನು—ನಾನು ವೈರು ಸುತ್ತುತ್ತ ನಿಂತಿದ್ದೆ.

ಮುಂದೆ ಕಾರಣ ಸಿಕ್ಕಿತು. ಪ್ರೋಗ್ರಾಮು ನಾಲ್ಕನೆಯ ಹಾಡನ್ನು ಕೇಳಿದರೆ ನಡುವಿನ ಸಾಫ್ಟ್‌ವೇರು ಸಿ.ಡಿ.ಯ ನಾಲ್ಕನೆಯ ನಿಮಿಷಕ್ಕೆ ಹೋಗುತ್ತಿತ್ತು. ಇಷ್ಟೇ! ಸರಿಪಡಿಸಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು... “ಸಿ.ಡಿ. ತೊಳದು ಉಳಿಸೀನ್ರಿ” ಎಂದೆ. ಅಕ್ಕೋರು ಹೊಗಳಿ ಊಟಕ್ಕೆ ಕೂಡಿಸಿದರು. ಹೋಳಿಗೆಗೆ ತುಪ್ಪ ಹಾಕಿದವರು ನೀವು. ನಾಚಿಕೆಗೆಟ್ಟವನು, ಇನ್ನೊಂದು ಕೇಳಿ ಹಾಕಿಸಿಕೊಂಡೆ.

ವರ್ಷಗಳಾದವು. ಮೊನ್ನೆ ನಾನು ಬಂದಾಗ ಅಕ್ಕೋರಿಗೆ ಗಂಟಲು ಕಟ್ಟಿತ್ತು. ತಾವೇ ನಿಮ್ಮನ್ನು ಕರೆದರು: “ಬಾರವ್ವ, ಹುಡುಗ್ರಿಗೆ ನೀನರ ಹೇಳಿಕೊಡು.”

ನೀವು ಹೊಸ್ತಿಲ ಆಚೆಯೇ ನಿಂತಿರಿ. “ಬ್ಯಾಡ್ರಿ ಅತ್ತಿ. ನನ್ನ ಕೈ ಛಲೋ ಅಲ್ಲ.”

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ, ವೈನಿ. ನೀವು ಅದನ್ನು ನಂಬಿ ಹೇಳಿದಿರಿ. ನನ್ನ ಸುಳ್ಳನ್ನು ನಿಮ್ಮ ಬಾಯಿಂದಲೇ ಕೇಳಿದೆ.

ಈ ಭಾನುವಾರ ಪಾಠದ ಹೊತ್ತಿಗೆ ಬರುತ್ತೇನೆ. ಅಕ್ಕೋರ ಮುಂದೆ, ಆ ಮಕ್ಕಳ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಅಡುಗೆಮನೆಯಲ್ಲಿದ್ದರೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.