ಕಾರ್ಡ್ ಇಲ್ಲದ ಬಾಗಿಲನ್ನೂ ತಟ್ಟುವಾಕೆ

ಹಲೋ, ರೆಕಾರ್ಡ್ ಆಗ್ತಿದ್ಯಾ? ಆಗ್ತಿದೆ. ಮೊದಲೇ ಹೇಳ್ಬಿಡ್ತೀನಿ. "ಎಂಬತ್ಮೂರಾಯ್ತು, ಇವರಿಗೆ ಅರಳುಮರಳು" ಅಂತ ನಮ್ಮ ಕಟ್ಟಡದ ವಾಟ್ಸಾಪ್ ಗ್ರೂಪಲ್ಲಿ ಬರೆದು ನಕ್ಕಿರಲ್ಲ, ನಿಮಗೇ ಹೇಳ್ತಿರೋದು. ನಿನ್ನೆ ಏನು ತಿಂಡಿ ತಿಂದೆ ಅಂತ ಕೇಳಿದ್ರೆ ತಡವರಿಸ್ತೀನಿ, ಒಪ್ಕೋತೀನಿ. ಆದ್ರೆ ಇಲ್ಲಿ ಹನ್ನೊಂದು ವರ್ಷದಿಂದ ಬೆಳಗಿನ ಹೊತ್ತು ಏನು ನಡೀತಿದೆ ಅಂತ ನನ್ನಷ್ಟು ನೋಡಿದೋರು ಯಾರೂ ಇಲ್ಲ. ಸುಮ್ನೆ ಕೇಳಿ.

ಈಗ ಆರೂವರೆ. ಬಾಗಿಲಕ್ಕ ಮೆಟ್ಟಿಲು ಹತ್ತಿ ಬರ್ತಿದ್ದಾಳೆ. ದಿನಾ ಬೆಳಗ್ಗೆ ಮನೆಮನೆ ಬಾಗಿಲು ನೋಡ್ಕೊಂಡು ಹೋಗೋ ಕೆಲಸದೋಳು, ಅದು ನಾವಿಟ್ಟ ಹೆಸರು. ಲಿಫ್ಟ್ ಇದೆ, ಹತ್ತಲ್ಲ. ಪ್ರತಿ ಮಹಡೀಲೂ ಅದು ಟಿಂಗ್ ಅನ್ನುತ್ತೆ, ಮಲಗಿರೋರಿಗೆ ಎಚ್ಚರ ಆಗುತ್ತಂತೆ. ಚಪ್ಪಲಿ ಕೆಳಗೇ ಬಿಟ್ಟಿರ್ತಾಳೆ. ಒಂದು ಕೈ ಕಂಬಿ ಮೇಲೆ, ಇನ್ನೊಂದು ಮಂಡಿ ಮೇಲೆ.

"ನಾಲ್ಕು ಮಹಡಿ, ಅರವತ್ನಾಲ್ಕು ಬಾಗಿಲು ಅಣ್ಣಾ," ಅಂತಾಳೆ ಉಸಿರು ಬಿಡ್ತಾ. "ಬಾಗಿಲಿಗೇನೂ ವಯಸ್ಸಾಗಲ್ಲ, ನನಗೆ ಅರವತ್ತೊಂದು."

ಹೊರಗಿನೋರಿಗೆ ಇಲ್ಲಿನ ಪದ್ಧತಿ ಗೊತ್ತಿಲ್ಲ. ಇದು ಆಸ್ಪತ್ರೆ ಅಲ್ಲ, ನಮ್ಮ ಪಾಡಿಗೆ ನಾವು ಬೀಗ ಹಾಕ್ಕೊಂಡು ಬದುಕೋ ಮುದುಕರ ಅಪಾರ್ಟ್‌ಮೆಂಟು. ಮಲಗೋಕೆ ಮುಂಚೆ ಬಾಗಿಲ ಹಿಡಿಕೆಗೆ ಒಂದು ಕೆಂಪು ಕಾರ್ಡ್ ನೇತು ಹಾಕ್ಬೇಕು, ಬೆಳಗ್ಗೆ ಎದ್ದು ಒಳಗೆ ತಗೋಬೇಕು. ಆರೂವರೆ ಮೇಲೂ ಕಾರ್ಡ್ ಹೊರಗಿದ್ರೆ ಬಾಗಿಲಕ್ಕ ತಟ್ತಾಳೆ. ಇಲ್ದಿದ್ರೆ ಎದ್ದಿದ್ದಾರೆ ಅಂತ ಪುಸ್ತಕದಲ್ಲಿ ಗುರುತು ಹಾಕಿ ಮುಂದೆ ಹೋಗ್ತಾಳೆ. ತಿಂಗಳಲ್ಲಿ ಮೂರು ಸಲ ಮರೆತ್ರೆ ಆಫೀಸಿಂದ ಮಕ್ಕಳಿಗೆ ಪತ್ರ: ಇವರು ಒಂಟಿಯಾಗಿರೋಕೆ ಆಗಲ್ಲ, ಎದುರುಗಡೆ ಆರೈಕೆ ಮನೆಗೆ ಸೇರಿಸಿ. ಅಲ್ಲಿ ಆರು ಜನಕ್ಕೆ ಒಂದು ರೂಮು. ಆ ಪತ್ರಕ್ಕೇ ನಾವೆಲ್ಲ ಹೆದರೋದು.

ನನ್ನ ಪಕ್ಕದ ಮನೆ ಟೈಲರಮ್ಮಂದು. ಮೂವತ್ತು ವರ್ಷ ಶಾಲೆ ಮಕ್ಕಳಿಗೆ ಸಮವಸ್ತ್ರ ಹೊಲಿದ ಕೈ. ನಾಲ್ಕು ತಿಂಗಳಿಂದ ಅವರಿಗೆ ಮರೆವು. ಬೆಳಗ್ಗೆ ಎದ್ದು ಕಾಫಿ ಕುಡಿದು ಕೂತಿರ್ತಾರೆ, ಕಾರ್ಡ್ ಮಾತ್ರ ಹೊರಗೇ. ಬಾಗಿಲಕ್ಕ ತಟ್ತಾಳೆ, ಮುಖ ನೋಡ್ತಾಳೆ, ತಾನೇ ಕಾರ್ಡ್ ತೆಗೆದು ಒಳಗಿಟ್ಟು, "ಸರಿಯಿದೆ" ಅಂತ ಬರೀತಾಳೆ.

"ಸುಳ್ಳು ಬರೀತೀಯಲ್ಲೇ!" ಅಂದೆ ಒಂದು ದಿನ.

"ಕಣ್ಣಾರೆ ನೋಡಿ ಬರೆದಿದೀನಿ. ಎದ್ದಿದ್ದಾರೆ ಅನ್ನೋದು ಸುಳ್ಳಾ?"

"ಕಾರ್ಡು?"

"ಕಾರ್ಡ್ ಹೊರಗಿದ್ರೇನು, ಒಳಗಿದ್ರೇನು! ನಿಮ್ಮ ಹಲ್ಲು ಎಲ್ಲಿಟ್ಟಿದೀರಿ, ಅದನ್ನ ಹುಡುಕ್ಕೊಳ್ಳಿ ಮೊದಲು."

ಹುಡುಕೋಕೆ ಹೋದೆ. ಹಲ್ಲು ನಿಜವಾಗ್ಲೂ ಕಳೆದಿತ್ತು.

ಕಳೆದ ಮಂಗಳವಾರ ಟೈಲರಮ್ಮನ ಬಾಗಿಲಲ್ಲಿ ಕಾರ್ಡೇ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಗುರುತು ಹಾಕಿ ಹೋಗ್ತಿದ್ರು. ಬಾಗಿಲಕ್ಕ ನಿಂತ್ಲು. ಒಳಗೆ ತಗೊಳ್ಳೋಕೆ ಮರೆಯೋರು, ಮಲಗೋ ಮುಂಚೆ ಹೊರಗೆ ಹಾಕೋಕೂ ಮರೆತಿರಬಹುದಲ್ಲ? ತಟ್ಟಿದ್ಲು. ಉತ್ತರ ಇಲ್ಲ. ಆಫೀಸಿಂದ ಬೀಗದ ಕೈ ತರೋಕೆ ಆ ಮಂಡಿ ಎಳ್ಕೊಂಡು ಮೂರು ಮಹಡಿ ಇಳಿದು, ಮತ್ತೆ ಹತ್ತಿದ್ಲು. ಅವತ್ತೂ ಲಿಫ್ಟ್ ನೆನಪಾಗಲಿಲ್ಲ ಅವಳಿಗೆ. ಟೈಲರಮ್ಮ ಬಚ್ಚಲಲ್ಲಿ ಬಿದ್ದಿದ್ರು, ಸೊಂಟ ಮುರಿದು, ಮೈ ತಣ್ಣಗಾಗಿ. ಇನ್ನೊಂದು ಗಂಟೆ ಆಗಿದ್ರೆ ಜೀವ ಹೋಗ್ತಿತ್ತು ಅಂದ್ರಂತೆ ಡಾಕ್ಟ್ರು.

ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ಕಾರ್ಡ್ ಹೊರಗೆ ಇರಲಿಲ್ಲ, ನೀನ್ಯಾಕೆ ತಟ್ಟಿದೆ?"

ನರಳೋ ಸದ್ದು ಕೇಳಿಸ್ತು ಅಂದಿದ್ರೆ ಮುಗೀತಿತ್ತು. ಈ ಪುಣ್ಯಾತ್ಗಿತ್ತಿ ನಾಲ್ಕು ತಿಂಗಳ ಕಥೆ ಎಲ್ಲಾ ಒಪ್ಪಿಸಿದ್ಲು! ಈಗ ತಪ್ಪು ಲೆಕ್ಕ ಬರೆದವಳು ಅಂತ ಅವಳನ್ನ ಕೆಲಸದಿಂದ ಬಿಡಿಸ್ಬೇಕಂತೆ. ಭಾನುವಾರ ಹತ್ತು ಗಂಟೆಗೆ ಕೆಳಗಿನ ಹಾಲ್‌ನಲ್ಲಿ ಸಭೆ, ಮನೆಗೊಂದು ಕೈ ಎತ್ತೋದು.

ನಿನ್ನೆ ಬೆಳಗ್ಗೆ ಬೈದೆ ಅವಳಿಗೆ. "ಒಂದು ಸುಳ್ಳು ಹೇಳೋಕೆ ಏನಾಗಿತ್ತು ನಿನಗೆ?"

ಮೆಟ್ಟಿಲ ಮೇಲೆ ಕೂತು ಮಂಡಿ ನೀವ್ಕೋತಾ ಇದ್ಲು. ಕಣ್ಣ ಕೆಳಗೆ ಕಪ್ಪು. "ಸಾಕಾಗಿದೆ ಅಣ್ಣಾ. ನಾಲ್ಕು ತಿಂಗಳು ಮನೆಗೆ ಹೋದ್ಮೇಲೂ ಅದೇ ಯೋಚನೆ. ನಾನು ರಜಾ ಹಾಕಿದ ದಿನ ಏನಾದ್ರೂ ಆಗಿದ್ರೆ ಯಾರು ತಟ್ಟೋರು? ನಾನು ಯಾರಿಗಾದ್ರೂ ಹೇಳ್ಬೇಕಿತ್ತು. ಹೇಳಿಲ್ಲ, ಅದು ನನ್ನ ತಪ್ಪೇ."

"ಹಾಗಾದ್ರೆ ಸಭೇಲಿ ಏನು ಕೇಳ್ಕೋತೀಯ?"

"ನನಗೇನೂ ಬೇಡ. ಇರಿಸ್ಕೊಂಡ್ರೆ ಹತ್ತುತೀನಿ, ಬೇಡ ಅಂದ್ರೆ ಮಂಡಿಗೆ ಒಳ್ಳೇದು." ಕಂಬಿ ಹಿಡಿದು ಎದ್ಲು. "ನನ್ನ ಜಾಗಕ್ಕೆ ಯಾರೇ ಬರ್ಲಿ, ಮರೆವಿನೋರ ಬಾಗಿಲು ಹದಿಮೂರು ಇವೆ, ಬರೆದುಕೊಡ್ತೀನಿ. ಕಾರ್ಡ್ ಇರ್ಲಿ, ಇಲ್ದಿರ್ಲಿ, ಅವನ್ನ ತಟ್ಟಲೇಬೇಕು. ಹನ್ನೊಂದು ವರ್ಷದಲ್ಲಿ ಒಂದು ಬಾಗಿಲೂ ನನ್ನಿಂದ ತಡವಾಗಿಲ್ಲ ಅಣ್ಣಾ, ಅದೊಂದು ಇದೆ ನನಗೆ."

ಹದಿಮೂರು. ಅದರಲ್ಲಿ ನಂದೂ ಒಂದಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ಸಭೇಲಿ ಅವಳು ಇರ್ಲಿ ಅಂತ ಕೈ ಎತ್ತಿ. ಇದನ್ನ ಕೇಳಿ ಇಲ್ಲೇ ಅಳಿಸ್ಬೇಡಿ. ಅರವತ್ನಾಲ್ಕು ಮನೆಗೂ ಕಳಿಸಿ, ಅವರ ಮಕ್ಕಳಿಗೂ ಕಳಿಸಿ. ಕಿವಿ ಕೇಳದೋರಿಗೆ ಪಕ್ಕದಲ್ಲಿ ಕೂತು ಜೋರಾಗಿ ಹೇಳಿ. ಭಾನುವಾರದೊಳಗೆ.