ಅಟ್ಟದ ಮೇಲೆ ಹೇಳಿಕೊಂಡ ಹೊಸ ಪುಸ್ತಕಗಳು

ತಿಪಟೂರಿನ ನಮ್ಮ ಹೆಂಗಸರ ಓದುಬಳಗದಲ್ಲಿ ಈ ವರ್ಷ ಬಂದ ಹೊಸ ಪುಸ್ತಕಗಳ ಬಗ್ಗೆ ಮಾತಾಡುತ್ತೀರಾ ಎಂದು ಕೇಳಿದಾಗ ಹೂಂ ಎಂದುಬಿಟ್ಟೆ. ಆಮೇಲೆ ಶುರುವಾಯಿತು ಎದೆಯಲ್ಲಿ ಪುಕಪುಕ. ವೇದಿಕೆಯ ಭಯ ಒಂದು ಪಾಲಾದರೆ ಅತ್ತೆಯ ಭಯ ಮೂರು ಪಾಲು. ಅವರೂ ಬರುತ್ತೇನೆ ಎಂದಿದ್ದರು. ಎಲ್ಲಿ ಹೋದರೂ ಮುಂದಿನ ಸಾಲಿನಲ್ಲೇ ಕೂರುವವರು ಅವರು.

ಎರಡು ಪುಸ್ತಕ ಆರಿಸಿಕೊಂಡಿದ್ದೆ. ಒಂದು ಕಾದಂಬರಿ. ನೀರಿನಲ್ಲಿ ಮುಳುಗಿದ ಊರಿನ ದೆವ್ವಗಳು ಎದ್ದು ಬಂದು ತಮ್ಮ ತಮ್ಮ ಮನೆಯ ಬಾಗಿಲು ಹುಡುಕುತ್ತವೆ. ಅದನ್ನು ಓದಿದ ಮೇಲೆ ಬಸ್ಸಿನಲ್ಲಿ ಬೋರನಕಣಿವೆ ಜಲಾಶಯ ದಾಟುವಾಗ ನೀರಿನ ಕಡೆ ನೋಡಲು ನನಗೆ ಧೈರ್ಯ ಸಾಲುತ್ತಿಲ್ಲ. ಇನ್ನೊಂದು, ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳ ಸ್ತ್ರೀವಾದಿ ಪ್ರಬಂಧಗಳು. ಅದರಲ್ಲಿ ಒಂದು ದೆವ್ವವೂ ಇಲ್ಲ, ಆದರೂ ನಿದ್ದೆ ಕೆಡಿಸಿದ್ದು ಅದೇ. ಮನೆಯೊಳಗಿನ ಹೆದರಿಕೆಗೆ ನಾವು ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೇವೆ ಎನ್ನುತ್ತಾಳೆ ಆಕೆ.

ಅಭ್ಯಾಸ ಮಾಡಲು ಒಂದು ಮಧ್ಯಾಹ್ನ ಕೊಬ್ಬರಿ ಅಟ್ಟ ಹತ್ತಿದೆ. ಕಾಯಿಗಳು ವರ್ಷವಿಡೀ ಅಲ್ಲಿ ಒಣಗುತ್ತಾ ಬಿದ್ದಿರುತ್ತವೆ, ಯಾರೂ ಆ ಕಡೆ ಸುಳಿಯುವುದಿಲ್ಲ. ಕಾಯಿರಾಶಿಗೆ ನಮಸ್ಕಾರ ಹೇಳಿ ಶುರುಮಾಡಿದೆ. ದೆವ್ವದ ಭಾಗ ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ನಮ್ಮ ಕಡೆಯದೇ ಒಂದು ಉದಾಹರಣೆ ಇರಲಿ ಎಂದುಕೊಂಡು, "ಒಂದು ಮನೆಯಲ್ಲಿ ಯಜಮಾನರು ಕೆಮ್ಮಿದರೆ ಸಾಕು, ಮೊಮ್ಮಕ್ಕಳನ್ನು ಕಂಡ ಹೆಂಡತಿ ಈಗಲೂ ಅರ್ಧ ಉಂಡ ತಟ್ಟೆ ಬಿಟ್ಟು ಏಳುತ್ತಾಳೆ" ಎಂದೆ. ಚೆನ್ನಾಗಿ ಬಂತು ಅನ್ನಿಸಿ ಇನ್ನೊಂದು ಸಲ ಜೋರಾಗಿಯೇ ಹೇಳಿದೆ.

ಕೆಳಗೆ ಲೋಟ ಬಿದ್ದ ಸದ್ದಾಯಿತು.

ಕಾಯಿಗೆ ಗಾಳಿಯಾಡಲೆಂದು ಅಟ್ಟದ ದಬ್ಬೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಅಲ್ಲಿಂದ ಧೂಳು ಉದುರುತ್ತದೆ ಎಂಬುದು ದಿನಾ ನಡುಮನೆ ಗುಡಿಸುವ ನನಗೆ ಗೊತ್ತಿತ್ತು. ಮಾತೂ ಉದುರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ಬಗ್ಗಿ ನೋಡಿದರೆ ಅತ್ತೆ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದರು. ಇನ್ನು ಓದುಬಳಗವೂ ಇಲ್ಲ, ಪುಸ್ತಕವೂ ಇಲ್ಲ ಎಂದುಕೊಂಡು ಏಣಿ ಇಳಿದೆ.

ಅತ್ತೆ ಬೈಯಲಿಲ್ಲ. ಮೊಳಕೈ ಹಿಡಿದು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಮೆತ್ತಗೆ ಮಾತಾಡ್ಬಾರ್ದೇನೇ? ನಿಮ್ಮಾವ ಜಗಲೀಲಿ ಕೂತವ್ರೆ. ಕೇಳುಸ್ಕಂಡಿದ್ರೆ ಏನೇ ಗತಿ?"

ಮದುವೆಯಾದಾಗಿನಿಂದ ನಾನು ಹೆದರಿಕೊಂಡು ಬಂದದ್ದು ಈ ಹೆಂಗಸಿಗೆ. ಅವರೂ ಹೆದರುತ್ತಾರೆ ಎಂದು ಕಂಡಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ವಯಸ್ಸಿಗೂ ಇದು ಬಿಡುವುದಿಲ್ಲವಲ್ಲ ಎಂದು ಇನ್ನಷ್ಟು ಭಯವಾಯಿತು.

"ಆ ಪುಸ್ತಕ ಬಿಟ್ಬಿಡ್ತೀನಿ ಅತ್ತೆ. ದೆವ್ವದ್ದಷ್ಟೇ ಹೇಳ್ತೀನಿ."

"ಬ್ಯಾಡ, ಅದ್ನೂ ಹೇಳು." ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಾನು ಬರಲ್ಲ ಅಷ್ಟೆ. ಅಲ್ಲಿ ಕೂತ್ಕಂಡು ನಾನೇನಾರ ಅತ್ಬುಟ್ರೆ, ಅದು ಯಾರ ಮನೆ ವಿಷ್ಯ ಅಂತ ಎಲ್ರಿಗೂ ಗೊತ್ತಾಗೋಯ್ತದೆ ಕಣೇ."